ಹಲ್ಲೆಣಿಸುವ ಸೋದರಮಾವ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖವೇ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಕಣ್ಣು ಚೆನ್ನಾಗಿಯೇ ಇದ್ದವು. ಆದರೆ ಎದುರಿಗೆ ಯಾರು ಬಂದು ನಿಂತರೂ ಅವನ ದೃಷ್ಟಿ ಹಣೆ, ಹುಬ್ಬು, ಮೂಗು ಎಲ್ಲವನ್ನೂ ದಾಟಿ ನೆಟ್ಟಗೆ ತುಟಿಯ ಹತ್ತಿರ ಇಳಿದು, ಈ ಬಾಗಿಲು ಯಾವಾಗ ತೆರೆಯುತ್ತದೋ ಎಂದು ಕಾಯುತ್ತ ನಿಲ್ಲುತ್ತಿತ್ತು. ಅವನು ಜನರನ್ನು ಗುರುತಿಟ್ಟುಕೊಳ್ಳುತ್ತಿದ್ದದ್ದು ಹಲ್ಲಿನಿಂದ!

ಯಾರೋ ತೀರಿಕೊಂಡ ಸುದ್ದಿ ಬಂತು ಎನ್ನಿ. ಅತ್ತೆ ಹೆಸರು ಹೇಳುವಳು, ಮಾವನಿಗೆ ತಿಳಿಯದು. ಬೀದಿ ಹೇಳುವಳು, ತಿಳಿಯದು. ಹೋದ ವರ್ಷ ಮನೆಗೆ ಬಂದು ಊಟ ಮಾಡಿಕೊಂಡು ಹೋದದ್ದನ್ನು ಹೇಳುವಳು, ಊಹೂಂ. ಕೊನೆಗೆ ಬೇಸತ್ತು, "ಅಲ್ರೀ, ಮೇಲ್ಗಡೆ ಮುಂದಿನ ಹಲ್ಲು ಒಂದ್ರ ಮೇಲೊಂದು ಹತ್ಕೊಂಡಿದ್ವಲ್ಲ, ಅವ್ರು!" ಎಂದರೆ, "ಅಯ್ಯಯ್ಯೋ! ಅವ್ರಾ! ಎಂಥಾ ಒಳ್ಳೇ ಮನುಷ್ಯ!" ಎಂದು ತಲೆಯ ಮೇಲೆ ಕೈಹೊತ್ತು ಕೂತುಬಿಡುತ್ತಿದ್ದ.

ಇಂಥವನಿಗೆ ದೇವರು ಎಂಥ ಕೆಲಸ ಕೊಟ್ಟಿದ್ದ ಗೊತ್ತೇ? ಅರಸೀಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಕಲೆಕ್ಟರು! ಅದು ಜಂಕ್ಷನ್ನು. ಬೆಂಗಳೂರಿನ ಗಾಡಿ, ಮೈಸೂರಿನ ಗಾಡಿ, ಹುಬ್ಬಳ್ಳಿಯ ಕಡೆಯ ಗಾಡಿ, ಎಲ್ಲವೂ ಅಲ್ಲಿ ಬಂದು ಜನರನ್ನು ಸುರಿದು ಹೋಗುತ್ತಿದ್ದವು. ಅಷ್ಟೂ ಬಾಯಿಗಳು ಒಂದೊಂದಾಗಿ ಮಾವನ ಗೇಟಿನ ಮುಂದೆಯೇ ಹಾದುಹೋಗಬೇಕು. ಕರಿಯ ಕೋಟು ತೊಟ್ಟು ನಿಂತ ಮಾವ ಒಂದು ಕೈಯಲ್ಲಿ ಟಿಕೆಟ್ ತೆಗೆದುಕೊಳ್ಳುತ್ತ, "ಯಾವೂರು? ಯಾತರಲ್ಲಿ ಉಜ್ತೀರಿ? ಸ್ವಲ್ಪ ಆ ಅನ್ನಿ" ಎನ್ನುತ್ತಿದ್ದ. ಟಿಕೆಟ್ ಕೊಟ್ಟು ಬಾಯಿ ಮುಚ್ಚಿಕೊಂಡು ಹೋಗುವವರನ್ನು ಕಂಡರೆ ಅವನಿಗೆ ಆಗುತ್ತಲೇ ಇರಲಿಲ್ಲ. ಅರಸೀಕೆರೆಯಲ್ಲಿ ಇಳಿದರೆ ಟಿಕೆಟಿನ ಜೊತೆಗೆ ಹಲ್ಲನ್ನೂ ತೋರಿಸಬೇಕಂತೆ ಎಂದು ಸುತ್ತಲ ಹಳ್ಳಿಗಳಲ್ಲಿ ಸುದ್ದಿಯೇ ಹಬ್ಬಿತ್ತು. ಒಂದು ದಿನ ಒಬ್ಬ ಮುದುಕಿ ಟಿಕೆಟ್ ಎಲ್ಲೋ ಬೀಳಿಸಿಕೊಂಡು ಬಂದವಳು, ಮಾವನ ಮುಂದೆ ನಿಂತು ಬೊಚ್ಚುಬಾಯಿ ಅಗಲಿಸಿ, "ನಂಗೆ ಎರಡೂ ಇಲ್ಲ ಕಣಪ್ಪಾ, ಬಿಟ್ಬುಡು" ಎಂದಳಂತೆ. ಮಾವ ಬಿಟ್ಟುಬಿಟ್ಟ.

ಈ ಗೀಳು ಅವನಿಗೆ ಹುಟ್ಟಿನಿಂದಲೇ ಬಂದದ್ದಿರಬೇಕು. ಅವನ ಅಪ್ಪ, ಎಂದರೆ ನಮ್ಮ ಅವ್ವನ ಅಪ್ಪ, ಎತ್ತಿನ ವ್ಯಾಪಾರದಲ್ಲಿ ಹೆಸರಾದವರು. ಹೋರಿಯ ತುಟಿ ಎತ್ತಿ ಹಲ್ಲು ನೋಡಿ ಅದರ ವಯಸ್ಸು ಹೇಳುವುದನ್ನು ಮಾವ ನಡೆಯಲು ಕಲಿತಾಗಲೇ ಕಲಿತಿದ್ದ. ಕಲಿತದ್ದನ್ನು ಎಲ್ಲಿ ಬಿಡಬೇಕು ಎಂಬುದನ್ನು ಮಾತ್ರ ಅವನಿಗೆ ಯಾರೂ ಕಲಿಸಿರಲಿಲ್ಲ. ಹೆಣ್ಣು ನೋಡಲು ಹೋದಾಗ ಬೇರೆಯವರು "ಒಂದು ಹಾಡು ಹೇಳಮ್ಮ" ಎನ್ನುತ್ತಾರಲ್ಲ, ಇವನು "ಒಂದ್ಸಲ ಬಾಯಿ ತೆಗಿಯಮ್ಮ" ಎಂದನಂತೆ! ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಹುಡುಗಿ ಥಟ್ಟನೆ ತಲೆಯೆತ್ತಿ, "ಹೆಣ್ಣು ನೋಡೋಕೆ ಬಂದಿದೀರೋ, ಎತ್ತು ಹಿಡಿಯೋಕೆ ಬಂದಿದೀರೋ?" ಎಂದು ಕೇಳಿದಳು. ಹಾಗೆ ಕೇಳುವಾಗ ಬಾಯಿ ತೆರೆಯಲೇಬೇಕಲ್ಲ! ಮಾವ ಎಣಿಸಿಕೊಂಡ. "ಎಲ್ಲಾ ಅವೆ. ನಂಗೆ ಒಪ್ಪಿಗೆ" ಎಂದ. ಅವಳೇ ನಮ್ಮ ಅತ್ತೆ.

ಇನ್ನು ಅವನ ಸ್ವಂತ ಬಾಯಿಯ ವಿಷಯ. ಲೋಕದ ಹಲ್ಲನ್ನೆಲ್ಲ ಕಾಯುತ್ತಿದ್ದ ಮಾವನ ಬಾಯಲ್ಲಿ ಹಲ್ಲುಗಳು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿದ್ದವು. ಯಾರು ಯಾವ ಹಲ್ಲುಪುಡಿ ಹೇಳಿದರೂ ಮೊದಲು ತನ್ನ ಮೇಲೆಯೇ ಅದರ ಪ್ರಯೋಗ. ಇಟ್ಟಿಗೆ ಪುಡಿ, ಕಪ್ಪೆಚಿಪ್ಪಿನ ಸುಣ್ಣ, ಸುಟ್ಟ ತೆಂಗಿನ ಚಿಪ್ಪು, ಎಲ್ಲಾ ಆಯಿತು. ಉಜ್ಜಿ ಉಜ್ಜಿ ಎದುರಿನ ಎರಡು ಹಲ್ಲು ಹೋದ ಮೇಲೆ ಅವನು ಜೋರಾಗಿ ಮಾತಾಡಿದಾಗೆಲ್ಲ ಆ ಸಂದಿಯಿಂದ ಸಣ್ಣದೊಂದು ಸಿಳ್ಳೆ ಬರುತ್ತಿತ್ತು. "ಗಾರ್ಡಿಗೆ ಸಿಳ್ಳೆ ಬೇಕು, ಟಿಕೆಟ್ ಕಲೆಕ್ಟರಿಗೆ ಯಾಕೆ ಬೇಕು?" ಎಂದು ಅತ್ತೆ ಹಂಗಿಸುತ್ತಿದ್ದಳು.

ನಗುತ್ತಿದ್ದೀರಿ ಅಲ್ಲವೇ? ನಗಿ. ನಾನು ಮಾತ್ರ ಬಹಳ ವರ್ಷ ನಗಲಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟು ಸುತ್ತಿ ಬಂದೆ.

ನಮ್ಮೂರು ಅರಸೀಕೆರೆಯಿಂದ ಒಂದೇ ಸ್ಟೇಷನ್ ಆಚೆ. ರಾಗಿ ಹೊಲ, ತೆಂಗಿನ ತೋಟ, ಊರ ನಡುವೆ ನಮ್ಮ ತಾತ ತೋಡಿಸಿದ ಬಾವಿ. ತಾತ ಎಂದರೆ ನಮ್ಮಪ್ಪನ ತಂದೆ, ಊರಿಗೇ ಯಜಮಾನರು. ಮೊದಲು ಊರಿನವರೆಲ್ಲ ಕೆರೆಯ ನೀರನ್ನೇ ಕುಡಿಯುತ್ತಿದ್ದರು. ದನ ಮೈತೊಳೆಯುವುದೂ ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ. ವರ್ಷಕ್ಕೊಮ್ಮೆ ವಾಂತಿಭೇದಿ ತಪ್ಪದು. ಅದನ್ನು ನೋಡಲಾರದೆ ತಾತ ಅಪ್ಪನ ಮದುವೆಯ ವರ್ಷ ಬಂಡೆ ಒಡೆಸಿ, ತಳ ಕಾಣದಷ್ಟು ಆಳದ ಬಾವಿ ತೋಡಿಸಿದರು. ಕಣ್ಣೀರಿನಷ್ಟು ತಿಳಿ, ಬೇಸಗೆಯಲ್ಲೂ ತಣ್ಣಗೆ. ಯಾರು ಮನೆಗೆ ಬಂದರೂ ಮೊದಲು ಒಂದು ಚೊಂಬು ಆ ನೀರು ಕೊಟ್ಟು, ಅವರು ಕುಡಿದು "ಆಹಾ" ಎನ್ನುವವರೆಗೆ ತಾತ ಬೇರೆ ಮಾತೇ ಎತ್ತುತ್ತಿರಲಿಲ್ಲ.

ನನಗೆ ಏಳು ವರ್ಷವಾದಾಗ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಬಂದವು ಎಂದರೆ ಹೇಗೆ! ಸುಣ್ಣದ ಗೋಡೆಗೆ ಕಾಫಿ ಎರಚಿದ ಹಾಗೆ ಅಡ್ಡಡ್ಡ ಕಂದು ಗೆರೆ. ನಮ್ಮೂರಲ್ಲಿ ನನ್ನ ವಾರಿಗೆಯ ಮಕ್ಕಳದೆಲ್ಲ ಹಾಗೇ ಇತ್ತು, ಹಾಗಾಗಿ ಹಲ್ಲು ಅಂದರೆ ಹೀಗೇ ಎಂದುಕೊಂಡು ಆರಾಮಾಗಿದ್ದೆ. ಒಂದು ಮದುವೆಗೆಂದು ಮಾದಿಹಳ್ಳಿಗೆ ಹೋದೆವು. ಅಲ್ಲಿ ಗದ್ದೆಬಯಲಿನ ಹುಡುಗಿಯರು ಮುತ್ತಿನಂಥ ಹಲ್ಲು ಬಿಟ್ಟುಕೊಂಡು ನನ್ನನ್ನು ಸುತ್ತಿಕೊಂಡರು. ಒಬ್ಬಳು ಕೇಳಿದಳು: "ಏನೇ, ನಿಮ್ಮೂರಲ್ಲಿ ಹಲ್ಲುಜ್ಜಕ್ಕಿಲ್ವಾ? ಇಲ್ಲಾ ಈಗ್ಲೇ ಹೊಗೆಸೊಪ್ಪು ಹಾಕ್ತೀಯಾ?"

ಅವತ್ತು ಬಾಯಿಗೆ ಅಡ್ಡ ಹೋದ ಕೈ ಆಮೇಲೆ ಕೆಳಗೆ ಇಳಿಯಲಿಲ್ಲ.

ಮನೆಯಲ್ಲಿ ಯಾರೂ ಇದನ್ನು ಗಮನಿಸಲಿಲ್ಲ. ಹೆಣ್ಣುಮಗು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರೆ ಯಾರು ಬೇಡ ಎನ್ನುತ್ತಾರೆ? ಮರ್ಯಾದೆ ಕಲಿತಳು ಎಂದು ತಾತ ಮೆಚ್ಚಿಕೊಂಡರು. ಗಮನಿಸಿದವನು ಮಾವ ಒಬ್ಬನೇ. ವಾರದ ರಜಕ್ಕೆ ಊರಿಗೆ ಬಂದವನು ಎಂದಿನಂತೆ ಸ್ಟೇಷನ್ನಿನ ಕಥೆ ಹೇಳಿ, ಸಿಳ್ಳೆ ಹೊಡೆದು, ಕಣ್ಣು ತಿರುಗಿಸಿ, ಏನು ಮಾಡಿದರೂ ನನ್ನ ತುಟಿ ಬಿಚ್ಚಲಿಲ್ಲ. "ಬಾಯಿ ತೆಗಿ ಮಗಾ" ಎಂದ. ನಾನು ಎದ್ದು ಹಿತ್ತಲಿಗೆ ಓಡಿದೆ. ಅವತ್ತಿನಿಂದ ಇಡೀ ತಾಲ್ಲೂಕಿನಲ್ಲಿ ಮಾವ ನೋಡದ ಬಾಯಿ ಎಂದರೆ ನನ್ನದೊಂದೇ ಆಯಿತು.

ಮಾವ ಅವ್ವನನ್ನು ಕೇಳಿ ಗೆರೆಯ ಸಂಗತಿ ತಿಳಿದುಕೊಂಡ. ಆಗ ಶುರುವಾಯಿತು ನೋಡಿ ಅವನ ಸಂಶೋಧನೆ! ಉಜ್ಜುವುದರಲ್ಲೇ ಏನೋ ದೋಷವಿದೆ ಎಂದು ಅವನ ಮೊದಲ ತೀರ್ಮಾನ. ನಮ್ಮ ಮನೆಯವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಹಂಚಿದ. ತಾತನಿಗೆ ಬೇವಿನ ಕಡ್ಡಿ, ಅಪ್ಪನಿಗೆ ಹೊಂಗೆ ಕಡ್ಡಿ, ಅವ್ವನಿಗೆ ಉಪ್ಪು ಇದ್ದಿಲು. ನನಗೆ? ರೈಲ್ವೆ ಪಾರ್ಸಲಿನಲ್ಲಿ ಬಂತು ಬ್ರಷ್ಷು, ಅದೂ ಎರಡು! ನಮ್ಮೂರು ಅಂಥದ್ದನ್ನು ಕಂಡಿರಲಿಲ್ಲ. ಜನ ಸಾಲುಗಟ್ಟಿ ಬಂದು ನೋಡಿದರು. ಇಷ್ಟು ಸಣ್ಣ ಪೊರಕೆಯಲ್ಲಿ ಯಾವ ಮನೆ ಗುಡಿಸುತ್ತಾರೆ ಎಂದು ಒಬ್ಬ ಅಜ್ಜಿ ಕೇಳಿತು.

ಒಂದರಲ್ಲಿ ನಾನು ಉಜ್ಜಿಕೊಳ್ಳುತ್ತಿದ್ದೆ. ಇನ್ನೊಂದು ಪೆಟ್ಟಿಗೆಯಲ್ಲಿತ್ತು. ಅದು ಯಾವಾಗ ತಾತನ ಕಣ್ಣಿಗೆ ಬಿತ್ತೋ ಕಾಣೆ. ದೇವರಮನೆಯ ಹಿತ್ತಾಳೆಯ ವೆಂಕಟರಮಣನ ಕಿರೀಟದ ಸಂದಿಯಲ್ಲಿ ವರ್ಷಗಟ್ಟಲೆಯಿಂದ ಕೂತಿದ್ದ ಹುಣಿಸೆಹಣ್ಣು, ಗಂಧ ಯಾವುದಕ್ಕೂ ಬಗ್ಗಿರಲಿಲ್ಲ. ತಾತ ಶನಿವಾರ ಮಡಿಯುಟ್ಟು ಆ ಬ್ರಷ್ಷು ತೆಗೆದುಕೊಂಡು ತಿಕ್ಕಿದರು ನೋಡಿ, ಸ್ವಾಮಿ ಫಳಫಳ ಹೊಳೆದುಬಿಟ್ಟ! "ನಿಮ್ಮಣ್ಣ ಜನ್ಮದಲ್ಲಿ ಒಂದು ಒಳ್ಳೇ ಸಾಮಾನು ತಂದ ಕಣಮ್ಮ" ಎಂದು ಅವ್ವನ ಮುಂದೆ ಹೊಗಳಿದರು. ಮುಂದಿನ ವಾರ ಮಾವ ಬಂದಾಗ ತಾತ ಕೇಳಿದರು:

"ಏನಯ್ಯಾ, ಈ ಕೂದಲು ಯಾತರದ್ದು? ಭಾಳಾ ಗಟ್ಟಿ ಐತೆ."

ಮಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಆಗಿನ್ನೂ. "ಹಂದೀದು ಯಜಮಾನ್ರೇ" ಎಂದುಬಿಟ್ಟ.

ಆಮೇಲೆ ಏನಾಯಿತು ಎಂದು ನಾನು ಹೇಳಬೇಕೇ? ಪುರೋಹಿತರು ಬಂದರು, ಪುಣ್ಯಾಹವಾಯಿತು, ಪಂಚಗವ್ಯದಲ್ಲಿ ಸ್ವಾಮಿ ಮುಳುಗಿ ಎದ್ದ. ಮಾವ ಸುಮ್ಮನಿರಬಾರದೇ? "ಅದ್ಯಾಕೆ ಹಂಗಾಡ್ತೀರಿ, ಸ್ವಾಮಿ ತಾನೇ ಒಂದ್ಸಲ ವರಾಹ ಆಗಿರ್ಲಿಲ್ವಾ?" ಎಂದ. ತಾತ ಮೂರು ತಿಂಗಳು ಅವನ ಜೊತೆ ಮಾತು ಬಿಟ್ಟರು.

ವರ್ಷ ಕಳೆಯಿತು. ಬೇವು, ಹೊಂಗೆ, ಇದ್ದಿಲು ಯಾವುದರಲ್ಲಿ ಉಜ್ಜಿದವರ ಹಲ್ಲೂ ಇದ್ದಂತೆಯೇ ಇತ್ತು. ನನ್ನ ಗೆರೆಗಳೂ ಇದ್ದಲ್ಲೇ ಇದ್ದವು. ನಾನು ಅತ್ತುಬಿಟ್ಟೆ. ಬ್ರಷ್ಷನ್ನು ತೆಗೆದು ತಿಪ್ಪೆಗೆ ಎಸೆದೆ. ಮಾರನೆಯ ವಾರ ಮಾವ ಬಂದು, "ನಡಿ, ಬೇಲೂರು ತೋರಿಸ್ತೀನಿ" ಎಂದು ಮೋಟಾರಿನಲ್ಲಿ ಕೂರಿಸಿಕೊಂಡು ಹೋದ.

ಬೇಲೂರಿನ ಗುಡಿಯಲ್ಲಿ ಎಲ್ಲರೂ ಶಿಲಾಬಾಲಿಕೆಯರ ಬಳೆ ನೋಡುತ್ತಾರೆ, ಜಡೆ ನೋಡುತ್ತಾರೆ, ಕೈಯ ಕನ್ನಡಿ ನೋಡುತ್ತಾರೆ. ನಮ್ಮ ಮಾವ? ಕತ್ತು ಹಿಂದಕ್ಕೆ ಚೆಲ್ಲಿ ಗುಡಿಯ ಸುತ್ತ ನಡೆದ, ಒಬ್ಬೊಬ್ಬಳ ಬಾಯಿಯನ್ನೂ ಪರೀಕ್ಷಿಸುತ್ತ! ಕಂಬಕ್ಕೆ ಡಿಕ್ಕಿ ಹೊಡೆದದ್ದೂ ಉಂಟು. ವಿವರಿಸಲು ಬಂದಾತ "ಈಕೆ ಗಿಣಿಯೊಡನೆ ಮಾತಾಡುತ್ತಿದ್ದಾಳೆ" ಎಂದರೆ, "ಅದಿರ್ಲಿ ಸ್ವಾಮಿ, ಹಲ್ಲು ಕಾಣ್ಸುತ್ತಾ?" ಎನ್ನುವನು. ಆತ ಸಾಕಾಗಿ ಬೇರೆಯವರ ಹಿಂದೆ ಹೋದ. ಮಾರನೆಯ ದಿನ ಹಳೇಬೀಡು. ಅಲ್ಲೂ ಅದೇ. ಗೋಡೆಯುದ್ದಕ್ಕೂ ನಡೆದು ನಡೆದು ನನ್ನ ಕಾಲು ಬಿದ್ದುಹೋಯಿತು. ಕೊನೆಗೆ ನಂದಿಯ ಮುಂದೆ ಕೂತು ಮಾವ ಹೇಳಿದ:

"ನೋಡಿದ್ಯಾ ಮಗಾ? ಎರಡು ಗುಡೀಲೂ ಹುಡುಕ್ದೆ. ಹಲ್ಲು ಕಿರಿದಿರೋರು ಯಾರು? ರಾಕ್ಷಸ್ರು, ದ್ವಾರಪಾಲಕ್ರು. ಚೆಲುವೇರು ಎಲ್ಲಾ ಬಾಯಿ ಮುಚ್ಕೊಂಡೇ ನಗ್ತಾವ್ರೆ! ಯಾಕೆ ಹೇಳು?"

"ಯಾಕೆ?"

"ಅವ್ರದ್ದೂ ನಮ್ಮ ಕಡೆ ಹಲ್ಲು ಇರ್ಬೇಕು!"

ನಗು ಬಂತು. ಬಂದ ನಗುವನ್ನು ಅಂಗೈಯಲ್ಲೇ ಹಿಡಿದುಕೊಂಡೆ. ಮಾವ ನನ್ನ ಕೈಯನ್ನೇ ನೋಡಿದ. ಆಮೇಲೆ ಎದ್ದು, ಕಡಲೆಕಾಯಿ ಕೊಡಿಸಿ, ಊರಿಗೆ ಕರೆದುಕೊಂಡು ಬಂದ.

ಮುಂದಿನದು ನಡೆದದ್ದು ರೈಲಿನಲ್ಲಿ. ಮೊದಲ ದರ್ಜೆಯ ಡಬ್ಬಿಯಲ್ಲಿ ಮದರಾಸಿನ ಕಡೆಯ ಡಾಕ್ಟರೊಬ್ಬರು ಹೋಗುತ್ತಿದ್ದರು. ಮಾವ ಟಿಕೆಟ್ ನೋಡಲು ಹೋದವನು ಅಭ್ಯಾಸಬಲದಿಂದ "ಸ್ವಲ್ಪ ಆ ಅನ್ನಿ" ಎಂದಿದ್ದಾನೆ. ಪುಣ್ಯಕ್ಕೆ ಆ ಡಾಕ್ಟರು ಬೈಯುವ ಬದಲು ಮಾತಿಗೆ ಕೂರಿಸಿಕೊಂಡರು. ಮಾವ ನನ್ನ ಹಲ್ಲಿನ ಗೆರೆಯ ಕಥೆ ಹೇಳಿದ. ಅವರು ಹೇಳಿದರು: ಇಂಥ ಹಲ್ಲು ಬೇರೆ ದೇಶಗಳಲ್ಲೂ ಇವೆ, ಇದು ಉಜ್ಜದೆ ಬರುವ ಕೊಳೆಯಲ್ಲ, ಕುಡಿಯುವ ನೀರಿನಲ್ಲಿರುವ ಒಂದು ವಸ್ತುವಿನಿಂದ ಬರುವುದು ಎಂದು ಈಗೀಗ ಕಂಡುಹಿಡಿದಿದ್ದಾರೆ. ಮಾವ ಗಾಡಿಯಿಂದ ಇಳಿಯುವುದನ್ನೇ ಮರೆತು ಬೀರೂರಿನವರೆಗೆ ಹೋಗಿಬಿಟ್ಟ!

ಅಲ್ಲಿಂದ ಮುಂದೆ ಗೇಟಿನಲ್ಲಿ ಪ್ರಶ್ನೆ ಬದಲಾಯಿತು. "ಯಾತರಲ್ಲಿ ಉಜ್ತೀರಿ" ಹೋಗಿ "ಯಾವ ನೀರು ಕುಡೀತೀರಿ" ಬಂತು. ಶ್ರಾವಣದ ಶನಿವಾರಗಳಲ್ಲಿ ವೆಂಕಟರಮಣನ ಗುಡಿಯಿರುವ ಮಾಲೇಕಲ್ಲಿನ ಬೆಟ್ಟದ ಬುಡದಲ್ಲಿ ಕೂತು ಹತ್ತುವವರನ್ನೂ ಇಳಿಯುವವರನ್ನೂ ಕೇಳಿದ. ಎಷ್ಟು ಪಳಗಿದನೆಂದರೆ, ಹಲ್ಲು ನೋಡಿ "ನೀವು ಕೆರೆ ನೀರಿನವರು, ನೀವು ಬಾವಿಯವರು, ಅದೂ ಆಳದ್ದು" ಎಂದು ಹೇಳುತ್ತಿದ್ದ. ಒಬ್ಬಾತ ಟಿಕೆಟಿಲ್ಲದೆ ಬಂದು, "ಇಲ್ಲೇ ಅರಸೀಕೆರೆಯೋನು ಸ್ವಾಮಿ, ನೆಂಟರನ್ನ ಹತ್ತಿಸೋಕೆ ಬಂದಿದ್ದೆ" ಎಂದನಂತೆ. ಮಾವ ಬಾಯಿ ತೆಗೆಸಿ ನೋಡಿ, "ಇದು ಹೊಳೆ ನೀರು ಕುಡಿದ ಹಲ್ಲು! ಅರಸೀಕೆರೇಲಿ ಹೊಳೆ ಎಲ್ಲೈತೆ? ಟಿಕೀಟು ತೆಗಿ!" ಎಂದ. ಆತ ದಂಡ ಕಟ್ಟಿ, ಹೋಗುವಾಗ ಮಾವನಿಗೆ ಕೈಮುಗಿದು ಹೋದ.

ಆದರೆ ಅವನಿಗೆ ತಿಳಿದದ್ದರಲ್ಲಿ ದೊಡ್ಡದು ನಮ್ಮ ಮನೆಯೊಳಗೇ ಇತ್ತು. ಬೇರೆ ಊರಿನಿಂದ ಸೊಸೆಯಾಗಿ ಬಂದ ಅವ್ವ ಅದೇ ಬಾವಿಯ ನೀರು ಕುಡಿಯುತ್ತಿದ್ದಳು, ಹಲ್ಲು ಬೆಳ್ಳಗಿತ್ತು. ಬಾವಿ ತೋಡುವುದಕ್ಕೆ ಮೊದಲೇ ಬೆಳೆದಿದ್ದ ತಾತ, ಅಪ್ಪ, ಅವರದೂ ಬಿಳಿ. ಬಾವಿ ಬಂದ ಮೇಲೆ ಹುಟ್ಟಿದ ಮಕ್ಕಳದು ಮಾತ್ರ ಕಂದು. ಎಂದರೆ, ಒಸಡಿನೊಳಗೆ ಹಲ್ಲು ಕೂಡುವ ಎಳೆಯ ವಯಸ್ಸಿನಲ್ಲೇ ನೀರು ತನ್ನ ಕೆಲಸ ಮಾಡಿ ಮುಗಿಸುತ್ತದೆ. ಆಮೇಲೆ ಏನು ಉಜ್ಜಿದರೂ ಹೋಗುವುದಿಲ್ಲ.

ಇದನ್ನು ಮಾವ ನೇರವಾಗಿ ಬಂದು ತಾತನ ಮುಂದೆಯೇ ಹೇಳಿದ. ಆಗ ಅವ್ವ ಬಸುರಿ.

"ಯಜಮಾನ್ರೇ, ಹುಟ್ಟೋ ಮಗೀಗೆ ಈ ಬಾವಿ ನೀರು ಕುಡಿಸ್ಬೇಡಿ."

ತಾತ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು. "ಏನಂದೆ?"

"ಹಲ್ಲು ಕೆಡೋದು ಈ ನೀರಿಂದ್ಲೇ."

"ಮಕ್ಳು ಮರಿ ವಾಂತಿಭೇದೀಲಿ ಸಾಯ್ತಿದ್ದಾಗ ಈ ಊರಿಗೆ ನೀರು ಕೊಟ್ಟೋನು ಕಣಯ್ಯ ನಾನು! ಇಷ್ಟು ವರ್ಷದಿಂದ ಕುಡೀತಾ ಇವ್ನಿ. ನೋಡು!" ಎಂದು ತಾತ ಬಾಯಿ ಅಗಲಿಸಿದರು. ಮಾವನಿಗೆ ಜಗಳ ಮರೆತುಹೋಯಿತು. ಬಗ್ಗಿ ನೋಡಿ, ಎಣಿಸಿ, "ಭಲೇ! ಎಲ್ಲಾ ಅವೆ!" ಎಂದುಬಿಟ್ಟ. ತಾತನ ಕೋಪ ಇಮ್ಮಡಿಯಾಯಿತು. "ಅವತ್ತು ಸ್ವಾಮಿಗೆ ಹಂದಿ ಕೂದ್ಲು ತಾಗಿಸ್ದ, ಈಗ ಬಾವೀಲಿರೋ ಗಂಗವ್ವನಿಗೆ ಹೆಸರಿಡ್ತಾನೆ! ಇನ್ನೊಂದ್ಸಲ ಬಾವಿ ಮಾತೆತ್ತಿದ್ರೆ ಈ ಹೊಸಿಲು ತುಳೀಬ್ಯಾಡ!" ಎಂದರು.

ಪಾಪ, ತಾತನದು ತಪ್ಪೇ? ಆ ಬಾವಿ ಬಂದ ಮೇಲೆ ನಮ್ಮೂರಲ್ಲಿ ಒಂದು ಮಗುವೂ ವಾಂತಿಭೇದಿಯಿಂದ ಸತ್ತಿರಲಿಲ್ಲ. ಅದೂ ನಿಜವೇ.

ತಂಗಿ ಹುಟ್ಟಿದಳು. ಹೆಸರಿಡುವ ದಿನ ಮಾವ ಬಂದ. ಹಣೆಯ ಮೇಲೆ ಇಷ್ಟುದ್ದ ನಾಮ! ಎಂದೂ ಗುಡಿಗೆ ಕೈಮುಗಿಯದವನು! ತಾತನ ಮುಂದೆ ಸಾಷ್ಟಾಂಗ ಬಿದ್ದು ಹೇಳಿದ: "ಯಜಮಾನ್ರೇ, ತಂಗಿ ಹೆರಿಗೆ ಸಲೀಸಾಗ್ಲಿ ಅಂತ ಮಾಲೇಕಲ್ಲು ತಿರುಪತಿ ಸ್ವಾಮೀಗೆ ಹರಕೆ ಹೊತ್ತಿದ್ದೆ. ಮಗೀಗೆ ಎಂಟು ವರ್ಷ ತುಂಬೋಗಂಟ ಸ್ವಾಮಿ ತೀರ್ಥ ಬಿಟ್ಟು ಬ್ಯಾರೆ ನೀರು ಕುಡ್ಸಕ್ಕಿಲ್ಲ ಅಂತ."

ತಾತ ವೆಂಕಟರಮಣನ ಪರಮ ಭಕ್ತರು. ಹರಕೆಗೆ ಎದುರಾಡುವುದುಂಟೇ? ಮಾವನನ್ನು ಹಿಡಿದೆತ್ತಿ, "ಈಗ್ಲಾದ್ರೂ ಬುದ್ಧಿ ಬಂತಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಒಳಗೆ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಣ್ಣ ತಂಗಿ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಎಂದು ನನಗೆ ತಿಳಿದದ್ದು ಆಮೇಲೆ.

ತೀರ್ಥವೆಂದರೆ ಅರಸೀಕೆರೆಯ ಕೆರೆಯ ನೀರು! ಮಾವ ಮನೆಯ ಹಿತ್ತಲಲ್ಲಿ ಒಂದರ ಮೇಲೊಂದು ಮೂರು ಮಡಕೆ ಏರಿಸಿ, ಇದ್ದಿಲು ಮರಳಿನಲ್ಲಿ ನೀರು ಸೋಸಿ, ಅತ್ತೆಯ ಕೈಯಲ್ಲಿ ಕುದಿಸಿ ಆರಿಸಿ, ತಗಡಿನ ಡಬ್ಬಕ್ಕೆ ತುಂಬಿ, ಮೇಲೆ ದೊಡ್ಡದಾಗಿ ನಾಮ ಬರೆದು ಬೆಳಗಿನ ಗಾಡಿಗೆ ಹಾಕುತ್ತಿದ್ದ. ಗಾರ್ಡು ನಮ್ಮೂರ ಸ್ಟೇಷನ್ನಿನಲ್ಲಿ ಇಳಿಸಿ, ಖಾಲಿ ಡಬ್ಬ ಹತ್ತಿಸಿಕೊಳ್ಳುತ್ತಿದ್ದರು. ಮಳೆ ಬರಲಿ ಬಿಸಿಲಿರಲಿ, ದಿನ ತಪ್ಪಲಿಲ್ಲ. ಡಬ್ಬ ಇಳಿಯುವಾಗ ಚಪ್ಪಲಿ ಬಿಟ್ಟು ಕೈಮುಗಿಯುವವರೂ ಆದರು.

ಎಡವಟ್ಟಾದದ್ದು ಆಗಲೇ. ತಾತ ದಿನಾ ಸ್ನಾನ ಮಾಡಿ, ಒಂದು ಉದ್ಧರಣೆ ತೀರ್ಥ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಲು ಶುರುಮಾಡಿದರು. ಅಕ್ಕಪಕ್ಕದವರು ತಮ್ಮ ಕೂಸುಗಳನ್ನು ಎತ್ತಿಕೊಂಡು ಬಂದು, "ನಮ್ಮ ಮಗೀಗೂ ಹರಕೆ ಕಟ್ಕೊಳ್ತೀವಿ, ತೀರ್ಥ ಕೊಡಿ" ಎಂದರು. ಮಾವನಿಗೆ ಸಂತೋಷವೋ ಸಂತೋಷ. ಒಂದು ಡಬ್ಬ ಮೂರಾಯಿತು, ಐದಾಯಿತು. ಆದರೆ ತಾತ ಕಣ್ಣಿಗೊತ್ತಿಕೊಳ್ಳುವುದನ್ನು ಒಂದು ದಿನ ಎದುರಿಗೇ ಕಂಡವನು ಮಂಕಾಗಿಬಿಟ್ಟ. ಸುಳ್ಳು ಹೇಳಿ ರೂಢಿಯಿರಲಿಲ್ಲವಲ್ಲ! ಊಟ ಸೇರದಾಯಿತು.

ಆ ಶನಿವಾರ ಮಾವ ಮಾಲೇಕಲ್ಲಿನ ಬೆಟ್ಟದ ಅಷ್ಟೂ ಮೆಟ್ಟಿಲು ಹತ್ತಿದ. ಅರ್ಚಕರನ್ನು ಕೇಳಿ ಒಂದು ತಂಬಿಗೆ ನಿಜವಾದ ತೀರ್ಥ ತಂದ. ದಿನಾ ಪ್ರತಿ ಡಬ್ಬಕ್ಕೂ ಅದರಿಂದ ಒಂದು ಉದ್ಧರಣೆ ಹಾಕಿದ. "ಈಗ ಸುಳ್ಳಲ್ಲ ನೋಡು" ಎಂದು ಅತ್ತೆಗೆ ಹೇಳಿ, ಹೊಟ್ಟೆತುಂಬ ಉಂಡ. ತಂಬಿಗೆ ಒಂದು ವಾರಕ್ಕೆ ಬರುತ್ತಿತ್ತು. ಅಲ್ಲಿಗೆ ಪ್ರತಿ ಶನಿವಾರ ಬೆಟ್ಟ! ದೇವರಿಲ್ಲ ಎಂದು ಸ್ಟೇಷನ್ನಿನಲ್ಲಿ ವಾದ ಮಾಡುತ್ತಿದ್ದವನು ಏಳು ವರ್ಷ ವಾರ ಬಿಡದೆ ಬೆಟ್ಟ ಹತ್ತಿದ. ಮಂಡಿ ಹಿಡಿದುಕೊಂಡಿತು, ಕೋಲು ಬಂತು. "ಸ್ವಾಮೀನ ನಂಬಿದೀರಾ ಈಗ?" ಎಂದು ಅತ್ತೆ ಕೇಳಿದರೆ, "ಅರ್ಚಕ್ರ ಹಲ್ಲು ಭಾಳಾ ಚೆನ್ನಾಗವೆ ಕಣೇ, ಬೆಟ್ಟದ ಮಳೆನೀರು ಕುಡೀತಾರೆ" ಎನ್ನುತ್ತಿದ್ದ.

ಈ ನಡುವೆ ನನ್ನ ಮದುವೆಯಾಯಿತು, ಹಾರನಹಳ್ಳಿಯ ಮೇಷ್ಟರೊಬ್ಬರ ಜೊತೆ. ನೋಡಲು ಬಂದಾಗ ನಾನು ತುಟಿ ಬಿಚ್ಚಲಿಲ್ಲ. "ಎಷ್ಟು ಗಂಭೀರ ಹುಡುಗಿ!" ಎಂದು ಮೆಚ್ಚಿಕೊಂಡು ಹೋದರು. ಗಂಭೀರ ಎಂದು ಹೆಸರು ಬಂದ ಮೇಲೆ ಉಳಿಸಿಕೊಳ್ಳಬೇಡವೇ? ಮದುವೆಯಾಗಿ ಎರಡು ವರ್ಷವಾದರೂ ನಮ್ಮ ಮೇಷ್ಟರಿಗೆ ನಾನು ನಗುವವಳು ಎಂದೇ ಗೊತ್ತಿರಲಿಲ್ಲ. ತಮಾಷೆ ಹೇಳಿ ಹೇಳಿ ಸೋತರು. ನಾನು ಅಡುಗೆಮನೆಗೆ ಹೋಗಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕು ಬರುತ್ತಿದ್ದೆ. ಈಗ ಹೇಳುವಾಗ ತಮಾಷೆಯಾಗಿ ಕಾಣುತ್ತದೆ, ಆಗ ಎಷ್ಟು ಸಲ ನಗು ಮುಗಿದು ಅಳುವಾಗಿದೆಯೋ!

ತಂಗಿಯ ಹಾಲುಹಲ್ಲು ಬಿಳಿಯಾಗಿಯೇ ಇದ್ದವು. ಅದರಲ್ಲೇನಿದೆ, ನನ್ನ ಹಾಲುಹಲ್ಲೂ ಬಿಳಿಯೇ ಇದ್ದವು. ಹೊಸ ಹಲ್ಲು ಬಂದಾಗಲೇ ತೀರ್ಪು. ಅವಳಿಗೆ ಏಳು ತುಂಬಿ ಮುಂದಿನ ಹಲ್ಲು ಬಿದ್ದಾಗ ಮಾವ ಅವ್ವನಿಗೆ ದಿನಾ ಚೀಟಿ ಕಳಿಸತೊಡಗಿದ, ಡಬ್ಬದ ಹಿಡಿಗೆ ಕಟ್ಟಿ: "ಬಂತಾ?" ಅಷ್ಟೇ. ಅವ್ವ ಖಾಲಿ ಡಬ್ಬಕ್ಕೆ ಚೀಟಿ ಕಟ್ಟುವಳು: "ಇನ್ನೂ ಇಲ್ಲ." ಒಂದು ದಿನ ಅವ್ವ ಬರೆದಳು: "ಬಂದವೆ. ಬಾ."

ನಾನೂ ಆಗ ತವರಿನಲ್ಲಿದ್ದೆ. ಮಾವ ಕೋಲೂರಿಕೊಂಡು, ಕರಿಯ ಕೋಟಿನಲ್ಲೇ ಬಂದ. ಜಗುಲಿಯ ಮೇಲೆ ತಾತ ಕೂತಿದ್ದರು, ಎಂಬತ್ತರ ಹತ್ತಿರದ ವಯಸ್ಸು. ತೀರ್ಥ ಕುಡಿದ ಕೂಸುಗಳೂ ಬಂದು ನಿಂತಿದ್ದವು. ತಂಗಿ ಮಾವನ ಮುಂದೆ ನಿಂತು ಬಾಯಿ ತೆರೆದಳು. ಮಲ್ಲಿಗೆಯ ಮೊಗ್ಗಿನಂಥ ಎರಡು ಹಲ್ಲು, ಒಂದು ಗೆರೆಯಿಲ್ಲ! ಮಾವ ನೋಡಿದ, ಮತ್ತೆ ನೋಡಿದ, ಬೆಳಕಿಗೆ ತಿರುಗಿಸಿ ನೋಡಿದ. ತೀರ್ಥ ಕುಡಿದವರಲ್ಲಿ ಹೊಸ ಹಲ್ಲು ಬಂದಿದ್ದ ಮಕ್ಕಳ ಬಾಯನ್ನೂ ತೆಗೆಸಿದ. ಎಲ್ಲಾ ಬಿಳಿ.

ತಾತ ತಾವೂ ಆ ಬಾಯಿಗಳನ್ನು ನೋಡಿ, ಮಾವನ ಹಳೆಯ ಮಾತು ನೆನಪಾದವರಂತೆ ಕೇಳಿದರು: "ನಿಜ ಹೇಳಯ್ಯ. ಅದು ತೀರ್ಥಾನಾ, ಕೆರೆ ನೀರಾ?"

ಮಾವ ತಲೆ ತಗ್ಗಿಸಿದ. "ಒಂದು ಉದ್ಧರಣೆ ತೀರ್ಥ ಯಜಮಾನ್ರೇ. ಮಿಕ್ಕಿದ್ದು ಕೆರೆ ನೀರು, ಕಾಯಿಸಿದ್ದು."

ತಾತ ಬಾವಿಯ ಕಡೆಗೊಮ್ಮೆ ನೋಡಿದರು. ಆಮೇಲೆ ನಮ್ಮಪ್ಪನನ್ನು ಕೂಗಿ, "ನಾಳೆಯಿಂದ ಬಾವಿ ನೀರು ತೆಂಗಿಗೆ, ದನಕ್ಕೆ. ಕೆರೆ ಹೂಳು ತೆಗೆಸು. ಊರಿಗೆಲ್ಲಾ ಹೇಳು, ಮಕ್ಳಿಗೆ ಕೆರೆ ನೀರು ಕಾಯಿಸಿ ಕೊಡ್ಬೇಕು ಅಂತ" ಎಂದರು. ಎದ್ದು ಒಳಗೆ ಹೋಗುವಾಗ ಮಾವನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟು ಹೋದರು.

ಮಾವ ಗೆದ್ದಿದ್ದ. ಕುಣಿಯುತ್ತಾನೆ ಎಂದುಕೊಂಡೆ. ಅವನು ಕುಣಿಯಲಿಲ್ಲ. ಮಕ್ಕಳೆಲ್ಲ ಹಲ್ಲು ಬಿಟ್ಟು ನಗುತ್ತಿದ್ದವು. ನಾನು ಕಂಬದ ಪಕ್ಕ, ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದೆ. ಮಾವ ನನ್ನ ಕಡೆ ತಿರುಗಿದವನು ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತು, ಮಕ್ಕಳ ಹಾಗೆ ಅಳತೊಡಗಿದ.

"ಯಾಕೆ ಮಾವ?" ಎಂದು ಹತ್ತಿರ ಹೋದೆ.

"ನೀನು ತೊಟ್ಲಲ್ಲಿದ್ದಾಗ್ಲೇ ನಂಗೆ ಇದು ತಿಳೀಬೇಕಿತ್ತು ಕಣವ್ವಾ" ಎಂದ. "ನಿಂಗೋಸ್ಕರ ಹುಡುಕೋಕೆ ಹೊಂಟೆ. ಎಲ್ರಿಗೂ ಸಿಕ್ತು. ನಿಂಗೆ ಮಾತ್ರ ತಡವಾಗೋಯ್ತು. ಸೋತೆ ಕಣವ್ವಾ ನಾನು."

ಗೇಟಿನಲ್ಲಿ ಲೋಕದ ಬಾಯನ್ನೆಲ್ಲ ತೆರೆಸಿದ್ದು, ಬೇಲೂರಿನಲ್ಲಿ ಕತ್ತು ನೋಯಿಸಿಕೊಂಡದ್ದು, ಏಳು ವರ್ಷ ಬೆಟ್ಟ ಹತ್ತಿದ್ದು, ಎಲ್ಲ ನನ್ನ ಕಣ್ಣಮುಂದೆ ಬಂತು. ನನ್ನ ಬಾಯಿಯಿಂದ ಶುರುವಾದದ್ದು ಇದೆಲ್ಲ! ಅವನ ಪಕ್ಕ ಕೂತೆ. ಮಾವ ಮತ್ತೆ "ಸೋತೆ ಕಣವ್ವಾ" ಎಂದು ಬಿಕ್ಕಿದ. ಬಿಕ್ಕಿದ ರಭಸಕ್ಕೆ ಎದುರಿನ ಹಲ್ಲಿನ ಸಂದಿಯಿಂದ ಸಿಳ್ಳೆ ಹೊರಟಿತು ನೋಡಿ, ಕೀ ಎಂದು, ಥೇಟ್ ಗಾಡಿ ಬಿಡುವ ಹಾಗೆ! ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ, "ಅಯ್ಯೋ, ಗಾಡಿ ಹೊಂಟೋಯ್ತಾ!" ಎಂದು ಗಂಟು ಹೊತ್ತು ಸ್ಟೇಷನ್ನಿನ ಕಡೆ ಓಡಿದ.

ನನಗೆ ತಡೆಯಲಾಗಲಿಲ್ಲ. ನಗು ಉಕ್ಕಿಕೊಂಡು ಬಂತು. ಸೆರಗು ಎಲ್ಲಿತ್ತೋ, ಕೈ ಎಲ್ಲಿತ್ತೋ. ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ ಏಳು ವರ್ಷದವಳಾಗಿದ್ದಾಗಿನಿಂದ ಕೂಡಿಟ್ಟದ್ದೆಲ್ಲವನ್ನೂ ಹಲ್ಲು ಬಿಟ್ಟು, ಬಾಯಿ ತೆರೆದು, ಬೀದಿಗೆ ಕೇಳುವ ಹಾಗೆ ನಕ್ಕೆ.

ತಾಲ್ಲೂಕಿನಲ್ಲಿ ಅವನು ನೋಡದೆ ಉಳಿದಿದ್ದ ಒಂದೇ ಒಂದು ಬಾಯಿ ಎದುರಿಗೇ ತೆರೆದಿತ್ತು. ಮಾವ ಎಣಿಸಲಿಲ್ಲ. ಒದ್ದೆ ಕಣ್ಣುಗಳನ್ನು ಮೇಲಕ್ಕೆತ್ತಿ, ಮೊದಲ ಸಲ ಕಾಣುತ್ತಿರುವವನಂತೆ, ನನ್ನ ಮುಖವನ್ನೇ ನೋಡುತ್ತ ಕೂತಿದ್ದ.